ಧಾರವಾಡದ ಆ ಹುಡುಗನ ಲೆಕ್ಕ ಇನ್ನೂ ಬಾಕಿ ಐತಿ



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಓದ್ರಿ. ನಿಮ್ಮ ಕೇರಿಯ ಓದೋ ಹುಡುಗರಿಗೂ ಕಳಸ್ರಿ.

ಮೊನ್ನೆ ಗದಗಿನಾಗ ಒಂದು ಸಭೆ ಇತ್ತು. ಯುವಕರಿಗೆ ಉದ್ಯೋಗ ಕೊಡಿಸೋದು ಹೆಂಗ ಅನ್ನೋದು ವಿಷಯ. ವೇದಿಕೆ ಮೇಲಿದ್ದ ದೊಡ್ಡವರೊಬ್ಬರು (ಹೆಸರು ಬೇಡ, ಹಿಂಗ ಮಾತಾಡೋರು ಅವರೊಬ್ಬರೇ ಅಲ್ಲ) ಹೇಳಿದರು: ಈ ಭಾಗ ಹಿಂದುಳಿಯಲು ಮುಖ್ಯ ಕಾರಣ ಜನರಲ್ಲಿ ಕೌಶಲ ಇಲ್ಲದಿರುವುದು. ಅದರಲ್ಲೂ ಎಸ್‌ಸಿ, ಎಸ್‌ಟಿ ಹುಡುಗರಿಗೆ ಕಲಿಯುವ ಮನಸ್ಸೇ ಇಲ್ಲ. ನಾಳೆ ಕಂಪನಿ ಬಂದರೂ ಕೆಲಸಕ್ಕೆ ಲಾಯಕ್ಕಾದವರು ಸಿಗೋದಿಲ್ಲ. ಸಭೆ ಚಪ್ಪಾಳೆ ಹೊಡೀತು. ನಮ್ಮ ಹುಡುಗರೂ ಹೊಡೆದರು. ಅವರ ಮಾತಿಗಿಂತ ನಮ್ಮವರ ಚಪ್ಪಾಳೆನೇ ನನಗ ಹೆಚ್ಚು ಚುಚ್ಚಿತು.

ಸಭೆ ಮುಗಿಸಿ ಕಳಸಾಪುರ ರಸ್ತೆ ಹಿಡಿದು ಊರಿಗೆ ಬರೋವಾಗ ಬೈಕಿನ ಹಿಂದೆ ಕೂತಿದ್ದ ಹುಡುಗ ಕೇಳಿದ: “ಅಣ್ಣಾ, ಅವರು ಹೇಳಿದ್ದು ಖರೇನ? ನಮಗ ಏನೂ ಬರೂದಿಲ್ಲಂತನ ನಮ್ಮ ಜಿಲ್ಲಾ ಹಿಂದ ಬಿದ್ದೈತೇನು?” ಅವನು ಐಟಿಐ ಮುಗಿಸಿದಾನ. ವರ್ಷದಾಗ ಆರು ತಿಂಗಳು ಗೋವಾದಾಗ ಗಾರೆ ಕೆಲಸ ಮಾಡ್ತಾನ. ಗಾಡಿ ಮೇಲೆ ನಾನು ಹೇಳಿದ್ದು ಅರ್ಧಂಬರ್ಧ. ಪೂರ್ತಿ ಉತ್ತರ ಇಲ್ಲಿ ಬರೀತೇನಿ.

ಶಿಕ್ಷಣ ಮತ್ತು ಕೌಶಲ ಇದ್ದರೆ ಒಂದು ಪ್ರದೇಶ ಬೆಳೆಯುತ್ತದೆ ಅನ್ನೋದು ಸತ್ಯ. ಅದಕ್ಕೆ ನನ್ನ ತಕರಾರಿಲ್ಲ. ಆದರ ಕಲಿಯೋಕೆ ಯಾರನ್ನ ಬಿಟ್ಟರು, ಯಾರ ಕೆಲಸವನ್ನ ಕೌಶಲ ಅಂತ ಕರೆದರು ಅನ್ನೋ ಪ್ರಶ್ನೆ ಕೇಳದೆ ಈ ಮಾತು ಆಡಿದರೆ ಅದು ಅರ್ಧ ಸತ್ಯ. ನಮ್ಮ ಭಾಗ ತನ್ನ ಜನರಲ್ಲಿ ಒಂದು ಪಾಲನ್ನು ಬಾಗಿಲ ಹೊರಗೆ ನಿಲ್ಲಿಸಿ ಬೆಳೆಯೋಕೆ ಹೋಯಿತು. ಅದರ ನಷ್ಟ ಮೊದಲು ನಮಗೆ ತಟ್ಟಿತು. ಆಮೇಲೆ ಇಡೀ ಜಿಲ್ಲೆಗೆ ತಟ್ಟಿತು. ಇದನ್ನ ಇತಿಹಾಸದ ಮೂಲಕನೇ ತೋರಸ್ತೇನಿ.

*ಮುತ್ಯಾನ ಮಿಣಿ*

ನಮ್ಮ ಮುತ್ಯಾ ಮಿಣಿ ಮಾಡ್ತಿದ್ದ. ಈಗಿನ ಹುಡುಗರಿಗೆ ಮಿಣಿ ಗೊತ್ತಿಲ್ಲ. ಎತ್ತು ಹೂಡೋಕೆ, ಭಾರ ಎಳೆಯೋಕೆ ಬಳಸೋ ಚರ್ಮದ ಹಗ್ಗ ಅದು. ನೈಲಾನ್ ಹಗ್ಗ ಬರೋಕೆ ಮುಂಚೆ ಮಿಣಿ ಇಲ್ಲದೆ ಒಕ್ಕಲುತನ ಇರಲಿಲ್ಲ. ಬಾವಿಯಿಂದ ನೀರೆತ್ತುವ ಚರ್ಮದ ಚೀಲ, ಬಾರಕೋಲು, ಕಾಲಿಗೆ ಕೆರವು, ಹಬ್ಬಕ್ಕೆ ಹಲಗಿ, ಎಲ್ಲಾ ನಮ್ಮ ಕೇರಿಯಿಂದ ಹೋಗಬೇಕಿತ್ತು.

ಹಸಿ ತೊಗಲು ಎರಡು ದಿನಕ್ಕ ನಾರತೈತಿ, ಕೊಳೀತೈತಿ. ಅದನ್ನ ವರ್ಷಗಟ್ಟಲೆ ಬಾಳಿಕೆ ಬರೋ ಚರ್ಮ ಮಾಡೋದು ರಸಾಯನಶಾಸ್ತ್ರ. ಸುಣ್ಣದ ನೀರಿನಾಗ ನೆನೆ ಹಾಕಬೇಕು. ಕೂದಲು ಸಡಿಲಾದ ಮೇಲೆ ಹೆರೆದು ತೆಗೀಬೇಕು. ಸುಣ್ಣ ಹೋಗೋ ಹಂಗ ತೊಳೀಬೇಕು. ಆಮೇಲೆ ತಂಗಡಿ ಗಿಡದ ತೊಗಟೆ ಕುಟ್ಟಿ ಆ ನೀರಿನಾಗ ಹದ ಮಾಡಬೇಕು. ಕೆಲವು ಕಡೆ ತೊಗಲನ್ನೇ ಚೀಲದಂಗ ಹೊಲಿದು, ಒಳಗೆ ತೊಗಟೆ ನೀರು ತುಂಬಿ, ಗಿಡಕ್ಕೆ ನೇತುಹಾಕ್ತಿದ್ದರು. ಸುಣ್ಣ ಹೆಚ್ಚಾದರೆ ಚರ್ಮ ಸುಡತೈತಿ, ಕಡಿಮೆಯಾದರೆ ಕೂದಲು ಬಿಡೋದಿಲ್ಲ. ಎಷ್ಟು ದಿನ, ಎಷ್ಟು ನೀರು, ಯಾವ ಹವಾಕ್ಕ ಹೆಂಗ ಅನ್ನೋದು ಮೂಗು ಮತ್ತು ಬೆರಳ ತುದಿಯಿಂದ ಗೊತ್ತಾಗಬೇಕು.

ಇದೇ ವಿದ್ಯೆಯನ್ನು ಇವತ್ತು ಕಾಲೇಜಿನಲ್ಲಿ ಕಲಿಸಿದರೆ ಅದರ ಹೆಸರು ಲೆದರ್ ಟೆಕ್ನಾಲಜಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಸರ್ಕಾರ ಮದ್ರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯನ್ನೇ ಕಟ್ಟಿತು. ಅಂದರೆ ದೇಶಕ್ಕೆ ಆ ವಿದ್ಯೆ ಬೇಕಿತ್ತು. ವಿಜ್ಞಾನಿಯ ಕೈಯಲ್ಲಿದ್ದಾಗ ತಂತ್ರಜ್ಞಾನ, ನಮ್ಮ ಮುತ್ಯಾನ ಕೈಯಲ್ಲಿದ್ದಾಗ ಮೈಲಿಗೆ.

ಮುತ್ಯಾನಿಗೆ ಆ ಕೆಲಸಕ್ಕೆ ಸಿಗ್ತಿದ್ದದ್ದು ಸುಗ್ಗಿಯಲ್ಲಿ ಆಯದ ಕಾಳು. ಬೆಲೆ ಹೇಳೋ ಹಕ್ಕಿಲ್ಲ, ಬೇರೆ ಊರಿಗೆ ಮಾರೋ ಹಕ್ಕಿಲ್ಲ, ಬೇಡ ಅನ್ನೋ ಹಕ್ಕಂತೂ ಇಲ್ಲವೇ ಇಲ್ಲ. ಕೌಶಲ ಇದ್ದೂ ಬಂಡವಾಳ ಕೂಡದಿರೋದಕ್ಕೆ ಕಾರಣ ಈ ಕಟ್ಟು. ಇದನ್ನೇ ಮುಂಬೈ ಪ್ರಾಂತ್ಯದಲ್ಲಿ ವತನದ ಹೆಸರಿನಲ್ಲಿ ಕಾನೂನು ಮಾಡಿ ಕಾಪಾಡಿದ್ದರು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಸುಮ್ಮನೆ ಅಲ್ಲ. ಬಿಟ್ಟಿ ದುಡಿಮೆಗೆ ಕಟ್ಟಿಹಾಕಿದ ಮನುಷ್ಯ ಹೊಸ ಕೆಲಸ ಕಲಿಯೋಕೆ ಆಗೋದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

*1856, ಧಾರವಾಡ*

ಈಗ ಶಾಲೆಗೆ ಬರೋಣ. ಆಗ ಗದಗ, ಬೆಟಗೇರಿ, ಕಳಸಾಪುರ ಎಲ್ಲಾ ಧಾರವಾಡ ಜಿಲ್ಲೆ. ನಮ್ಮ ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಆದ್ದರಿಂದ ಧಾರವಾಡದ ಶಾಲೆ ಬಾಗಿಲಲ್ಲಿ ನಡೆದದ್ದು ನಮ್ಮದೇ ಜಿಲ್ಲೆಯ ಕಥೆ.

1854ರಲ್ಲಿ ವುಡ್ ಅವರ ಶಿಕ್ಷಣ ಆದೇಶ ಬಂತು. ಕಂಪನಿ ಸರ್ಕಾರ ಜನಸಾಮಾನ್ಯರ ಶಿಕ್ಷಣಕ್ಕೂ ಹೊಣೆ ಅಂತ ಒಪ್ಪಿಕೊಂಡಿತು. ಎರಡೇ ವರ್ಷದ ನಂತರ, ಜೂನ್ 1856ರಲ್ಲಿ, ಮಹಾರ ಸಮುದಾಯದ ಒಬ್ಬ ಹುಡುಗ ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ಧಾರವಾಡದ ಸರ್ಕಾರಿ ಶಾಲೆಯಲ್ಲಿ ಎಲ್ಲರೂ ಕೊಡೋ ಫೀಜು ನಾನೂ ಕೊಡ್ತೇನಿ ಅಂದರೂ ನನ್ನ ಸೇರಿಸಿಕೊಂಡಿಲ್ಲ ಅನ್ನೋದು ಅವನ ದೂರು.

ಆ ಹುಡುಗನ ಧೈರ್ಯ ನೋಡ್ರಿ. ಸಂವಿಧಾನ ಇಲ್ಲ, ಮೀಸಲಾತಿ ಇಲ್ಲ, ಸಂಘಟನೆ ಇಲ್ಲ. ಬಾಬಾಸಾಹೇಬರು ಹುಟ್ಟೋಕೆ ಇನ್ನೂ ಮೂವತ್ತೈದು ವರ್ಷ ಇತ್ತು. ಅಂಥ ಕಾಲದಾಗ ನಮ್ಮ ಕಡೆಯ ಒಬ್ಬ ಹುಡುಗ ಸರ್ಕಾರಕ್ಕ ಪತ್ರ ಬರೆದು ನ್ಯಾಯ ಕೇಳಿದ. ಕಲಿಯೋ ಮನಸ್ಸಿಲ್ಲ ಅಂತ ಭಾಷಣ ಮಾಡೋರು ಈ ಒಂದು ಅರ್ಜಿ ಓದಬೇಕು.

ಮುಂಬೈ ಸರ್ಕಾರ ಅದೇ ವರ್ಷ ಜುಲೈ 21ಕ್ಕೆ ನಿರ್ಣಯ ಕೊಟ್ಟಿತು. ಅದರ ತಾತ್ಪರ್ಯ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಬಹುಕಾಲದ ನಂಬಿಕೆಗಳು ಅಡ್ಡ ಇವೆ. ಒಬ್ಬಿಬ್ಬರು ಮಹಾರರಿಗಾಗಿ ಸರ್ಕಾರ ಕೈ ಹಾಕಿದರೆ ಉಳಿದ ಜನ ಶಾಲೆ ಬಿಟ್ಟು ಹೋಗುತ್ತಾರೆ, ಶಾಲೆಯಿಂದ ಯಾರಿಗೂ ಉಪಯೋಗ ಆಗೋದಿಲ್ಲ. ಹುಡುಗನಿಗೆ ಪ್ರವೇಶ ಸಿಗಲಿಲ್ಲ.

ವಿಷಯ ಕಲ್ಕತ್ತಾಕ್ಕೆ ಹೋಯಿತು. 1857ರ ಜನವರಿ 23ರ ಪತ್ರದಲ್ಲಿ ಭಾರತ ಸರ್ಕಾರ, ಬಂಗಾಳದ ಸರ್ಕಾರಿ ಶಾಲೆಯಲ್ಲಾಗಿದ್ದರೆ ಈ ಹುಡುಗನನ್ನು ಹೊರಗೆ ಇಡುತ್ತಿರಲಿಲ್ಲ ಅನ್ನೋ ಅರ್ಥದ ಮಾತು ಬರೆಯಿತು. 1858ರ ಏಪ್ರಿಲ್ 28ಕ್ಕೆ ಲಂಡನ್ನಿನಿಂದ ಕಂಪನಿಯ ನಿರ್ದೇಶಕರೂ ಸರ್ಕಾರಿ ಶಾಲೆಗಳು ಎಲ್ಲಾ ವರ್ಗದವರಿಗೂ ತೆರೆದಿರಬೇಕು ಅಂದರು. ಕಾಗದದ ಮೇಲೆ ಗೆದ್ದೆವು. ಊರೊಳಗೆ ಬಾಗಿಲು ಹಂಗೇ ಇತ್ತು. ಅದೇ ಕಾಲಕ್ಕೆ ನಮ್ಮ ಭಾಗದಲ್ಲಿ ಮರಾಠಿಯ ಜಾಗದಲ್ಲಿ ಕನ್ನಡ ಶಾಲೆಗಳು ಬರಬೇಕು ಅಂತ ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡೀತಿದ್ದರು. ಅದು ದೊಡ್ಡ ಕೆಲಸ, ಇಲ್ಲ ಅನ್ನೋದಿಲ್ಲ. ಆದರ ಕನ್ನಡ ಶಾಲೆ ಬಂದ ಮೇಲೂ ಕನ್ನಡದ ಎಷ್ಟೋ ಮಕ್ಕಳು ಹೊರಗೇ ಉಳಿದರು.

ಈ ಪ್ರಕರಣವನ್ನು ಮರೆಯೋಕೆ ಬಿಡದೆ ಎತ್ತಿ ಹಿಡಿದವರು ಬಾಬಾಸಾಹೇಬರು. 1928ರಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಧಾರವಾಡದ ಹುಡುಗನ ಕಥೆ ಐತಿ. ಅದರ ಜೊತೆಗೆ ಅವರು ಇಟ್ಟ 1881-82ರ ಅಂಕಿ ನೋಡ್ರಿ. ಇಡೀ ಮುಂಬೈ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ ನಮ್ಮ ಮಕ್ಕಳು 2,862. ಅಂದರೆ ನೂರಕ್ಕೆ ಒಂದೂ ಇಲ್ಲ, 0.87. ಮಾಧ್ಯಮಿಕ ಶಾಲೆಯಲ್ಲಿ 17. ಹೈಸ್ಕೂಲಿನಲ್ಲಿ ಸೊನ್ನೆ. ಕಾಲೇಜಿನಲ್ಲಿ ಸೊನ್ನೆ. ಅರ್ಜಿ ಹಾಕಿ ಇಪ್ಪತ್ತೈದು ವರ್ಷ ಆದಮೇಲಿನ ಫಲ ಇದು.

ಮುಂಬೈ ಸರ್ಕಾರ ಹುಡುಗನಿಗೆ ಇಲ್ಲ ಅಂದದ್ದು ಲಾಭ ನಷ್ಟದ ಲೆಕ್ಕ ಹಾಕಿ. ಒಬ್ಬನನ್ನ ಸೇರಿಸಿದರೆ ನೂರು ಜನ ಹೋಗ್ತಾರ, ಖರ್ಚು ಮಾಡಿದ ದುಡ್ಡು ವ್ಯರ್ಥ ಆಗತೈತಿ ಅಂತ. ಆದರ ಆ ಲೆಕ್ಕದಾಗ ಒಂದು ಕಾಲಂ ಬಿಟ್ಟಿದ್ದರು. ಆ ಹುಡುಗ ಓದಿದ್ದರೆ ಏನಾಗ್ತಿದ್ದ, ಅವನಂಥ ಸಾವಿರಾರು ಹುಡುಗರು ಓದಿದ್ದರೆ ಈ ಜಿಲ್ಲೆ ಏನಾಗ್ತಿತ್ತು ಅನ್ನೋ ಕಾಲಂ.

*ಗದಗಿಗೆ ಕಾಲ ಬಂದಾಗ*

ಆ ಖಾಲಿ ಕಾಲಂ ತುಂಬಬೇಕಂದರೆ ನಂತರದ ಐವತ್ತು ವರ್ಷದಲ್ಲಿ ಗದಗಿಗೆ ಏನೇನು ಬಂತು ನೋಡಬೇಕು.

ಮೊದಲು ಹತ್ತಿ ಮತ್ತು ರೈಲು. ನಮ್ಮ ಎರಿ ಹೊಲದ ಹತ್ತಿ ಹಿಂದಿನಿಂದಲೂ ಹೆಸರುವಾಸಿ. 1884ರ ಸುಮಾರಿಗೆ ಸದರ್ನ್ ಮರಾಠಾ ರೈಲ್ವೆ ಬಂದು ಗದಗ ಜಂಕ್ಷನ್ ಆಯಿತು. ಒಂದು ಕಡೆ ಹೊಟಗಿ, ಒಂದು ಕಡೆ ಬಳ್ಳಾರಿ, ಒಂದು ಕಡೆ ಹುಬ್ಬಳ್ಳಿ. ಜಿನ್ನಿಂಗ್ ಫ್ಯಾಕ್ಟರಿ, ಹತ್ತಿ ಪ್ರೆಸ್ಸು, ಅಡತಿ ಅಂಗಡಿ ಎದ್ದವು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಬಂತು. ಗುಮಾಸ್ತ, ತೂಕ ಬರೆಯುವವ, ಸಿಗ್ನಲ್ ನೋಡುವವ, ಫಿಟ್ಟರ್, ಹೀಗೆ ಅಕ್ಷರ ಬಂದವನಿಗೆ ಹೊಸ ಹೊಸ ಕೆಲಸ. ಅಕ್ಷರ ಬರದವನಿಗೆ ಹಮಾಲಿ. ಹತ್ತಿ ಅಂಡಿಗೆ ಎರಡು ಕಡೆಯವರೂ ಮುಟ್ಟಿದರು. ಒಬ್ಬ ಅದರ ಲೆಕ್ಕ ಬರೆದ, ಒಬ್ಬ ಅದನ್ನ ಹೊತ್ತ.

ಎರಡನೆಯದು ಮುದ್ರಣ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಪಂಚಾಂಗ, ಪುರಾಣ, ನಾಟಕದ ಪುಸ್ತಕ, ಪಠ್ಯಪುಸ್ತಕ ಅಂತ ಇಲ್ಲಿಂದ ಕನ್ನಡ ನಾಡಿಗೆಲ್ಲಾ ಹೋದವು. ಈ ಉದ್ಯಮದ ಜೀವಾಳ ಮೊಳೆ ಜೋಡಿಸುವ ಕೈ. ಒಂದೊಂದು ಅಕ್ಷರದ ಸೀಸದ ಮೊಳೆ ಹುಡುಕಿ, ತಿರುವುಮುರುವಾಗಿ ಸಾಲು ಕಟ್ಟಬೇಕು. ಕೈ ಚುರುಕು ಬೇಕು, ಕಣ್ಣು ಚುರುಕು ಬೇಕು. ನಮ್ಮ ಕೇರಿಯಲ್ಲಿ ಸೂಜಿ, ಉಳಿ ಹಿಡಿದು ಪಳಗಿದ ಕೈಗಳಿಗೆ ಬರ ಇರಲಿಲ್ಲ. ಬರ ಇದ್ದದ್ದು ಅಕ್ಷರಕ್ಕೆ. ಶಾಲೆ ಬಾಗಿಲು ಮುಚ್ಚಿದಾಗ ಅದರ ಜೊತೆಗೇ ಪ್ರೆಸ್ಸಿನ ಬಾಗಿಲೂ ಮುಚ್ಚಿತು. ಯಾರೂ ಹೊರಗೆ ತಳ್ಳಬೇಕಾಗಿರಲಿಲ್ಲ.

ಮೂರನೆಯದು ಸಹಕಾರ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಅಂತ ನಾವೆಲ್ಲಾ ಹೆಮ್ಮೆಯಿಂದ ಹೇಳ್ಕೋತೀವಿ. ಸಾಹುಕಾರನ ಬಡ್ಡಿಯಿಂದ ರೈತ ಪಾರಾಗಲು ಅದು ದೊಡ್ಡ ದಾರಿ. ಆದರ ಸಾಲ ಅಂದರೆ ಜಾಮೀನು ಬೇಕು. ಹೊಲ ಇಲ್ಲದವನಿಗೆ, ಕಾಗದ ಓದೋಕೆ ಬರದವನಿಗೆ ಯಾರು ಜಾಮೀನು ಆಗ್ತಾರ? ಸಹಕಾರ ಬೆಳೆದಂತೆ ಹೊಲ ಇದ್ದವನ ಹೊಲ ಸುಧಾರಿಸಿತು. ಕೂಲಿಯವ ಕೂಲಿಯಾಗೇ ಉಳಿದ.

ಹತ್ತಿ, ಅಕ್ಷರ, ಸಾಲ. ಒಂದು ಪ್ರದೇಶ ಬೆಳೆಯೋಕೆ ಬೇಕಾದ ಮೂರೂ ಗದಗಿನಲ್ಲಿ ಬೇರೆ ಊರುಗಳಿಗಿಂತ ಮುಂಚೆ ಬಂದಿದ್ದವು. ಹಂಗಿದ್ದೂ ನಾವು ಯಾಕ ಹಿಂದೆ ಉಳಿದೆವು? ಮಳೆ ಕಮ್ಮಿ, ನೀರಾವರಿ ಕಮ್ಮಿ, ಸರ್ಕಾರದ ಮಲತಾಯಿ ಧೋರಣೆ, ಇವೆಲ್ಲಾ ನಿಜ. ಅದರ ಜೊತೆಗೆ ಈ ಕಾರಣವನ್ನೂ ಬರೀರಿ: ಬೆಳವಣಿಗೆಯ ಬುಡ ಕಿರಿದಾಗಿತ್ತು. ಕಲಿತು ಮೇಲೆ ಬರಬೇಕಾದ ಕೈಗಳನ್ನ ಹೊರೆ ಹೊರೋಕೆ ಮಾತ್ರ ಬಳಸಿದೆವು.

*ಅಕ್ಷರ ಬೇಡದ ಕೆಲಸದಲ್ಲೂ*

ಯಾರಾದರೂ ಕೇಳಬಹುದು, ಅದು ಬರೀ ಓದಿನ ಸಮಸ್ಯೆ ಅಲ್ಲೇನು, ಜಾತಿಯನ್ನ ಯಾಕ ತರ್ತೀರಿ ಅಂತ. ಹಂಗಾದರೆ ಮುಂಬೈ ಗಿರಣಿಗಳ ಕಥೆ ಕೇಳ್ರಿ. ನಾವಾಗ ಅದೇ ಪ್ರಾಂತ್ಯದವರು.

ಗಿರಣಿಯಲ್ಲಿ ನೂಲುವ ವಿಭಾಗ, ನೇಯುವ ವಿಭಾಗ ಬೇರೆ ಬೇರೆ. ಹೆಚ್ಚು ಪಗಾರ ನೇಯುವವರಿಗೆ. ಅಲ್ಲಿ ದಲಿತ ಕಾರ್ಮಿಕರಿಗೆ ಜಾಗ ಇರಲಿಲ್ಲ. ಕಾರಣ ಏನಂದರೆ ಲಾಳಿಯಲ್ಲಿ ಕಂಡಿಕೆ ಬದಲಿಸಿದಾಗ ಎಳೆಯನ್ನು ಬಾಯಿಯಿಂದ ಹೀರಿ ಕಣ್ಣಿನೊಳಗಿಂದ ಹೊರಗೆ ತೆಗೀಬೇಕಿತ್ತು. ನಮ್ಮವರ ಬಾಯಿ ತಾಗಿದ ಲಾಳಿ ಮುಟ್ಟೋದಿಲ್ಲ ಅಂತ ಉಳಿದ ಕಾರ್ಮಿಕರು. 1928ರಲ್ಲಿ ಮುಂಬೈ ಗಿರಣಿಗಳ ದೊಡ್ಡ ಮುಷ್ಕರ ನಡೆದಾಗ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು: ಕಾರ್ಮಿಕರೆಲ್ಲಾ ಒಂದೇ ಅನ್ನೋದಾದರೆ ನೇಯುವ ವಿಭಾಗ ನಮಗ್ಯಾಕ ಇಲ್ಲ?

ಮಗ್ಗ ನಡೆಸೋಕೆ ಎಬಿಸಿಡಿ ಬೇಕಾಗಿಲ್ಲ. ಆರು ತಿಂಗಳು ಪಕ್ಕದಲ್ಲಿ ನಿಂತು ನೋಡಿದರೆ ಕಲೀಬಹುದು. ಆ ನಿಲ್ಲೋ ಜಾಗನೇ ಕೊಡಲಿಲ್ಲ. ಬೆಟಗೇರಿಯ ನೇಕಾರ ಅಣ್ಣತಮ್ಮಂದಿರಿಗೆ ಈ ಮಾತು ಚೆನ್ನಾಗಿ ತಿಳಿಯತೈತಿ. ಕಸುಬು ಅನ್ನೋದು ಪುಸ್ತಕದಿಂದ ಬರೋದಿಲ್ಲ, ಬಲ್ಲವರ ಮಗ್ಗುಲಲ್ಲಿ ಕೂತು ಬರೋದು. ನಮ್ಮನ್ನ ಆ ಮಗ್ಗುಲಿಗೆ ಬಿಡದಿದ್ದದ್ದೇ ಅಸ್ಪೃಶ್ಯತೆ. ಅದು ಬಾವಿ, ಗುಡಿಗೆ ಮುಗಿಯೋ ವಿಷಯ ಅಲ್ಲ.

*ಬಾಗಿಲು ತೆರೆದಲ್ಲಿ*

ಮುಚ್ಚಿದ ಕಥೆಯಷ್ಟೇ ಹೇಳಿದರೆ ನಮ್ಮ ಹಿರಿಯರಿಗೆ ಅನ್ಯಾಯ. ತೆರೆಸಿದ ಕಥೆನೂ ಐತಿ.

ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿ ನೌಕರಿಯಲ್ಲಿ ಮೀಸಲಾತಿ ತಂದರು. 1917ರಲ್ಲಿ ಕಡ್ಡಾಯ, ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಕೈ ಹಾಕಿದರು. ಓದು ಮತ್ತು ಕೆಲಸ ಎರಡನ್ನೂ ಒಟ್ಟಿಗೆ ಕೊಡಬೇಕು ಅನ್ನೋದು ಅವರಿಗೆ ತಿಳಿದಿತ್ತು. ಓದಿಸಿ ಕೆಲಸ ಕೊಡದಿದ್ದರೆ ಓದಿದವನನ್ನ ನೋಡಿ ಕೇರಿ ನಗತೈತಿ. ಕೆಲಸ ಇಟ್ಟು ಓದಿಸದಿದ್ದರೆ ಆ ಕೆಲಸ ಬೇರೆಯವರ ಪಾಲಾಗತೈತಿ.

ನಮ್ಮ ಧಾರವಾಡಕ್ಕೆ ಬರೋಣ. 1928ರಲ್ಲಿ ಬಾಬಾಸಾಹೇಬರು ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿದರು. ಅದರ ಮೂಲಕ ನಡೆದ ವಸತಿ ನಿಲಯಗಳಲ್ಲಿ ಒಂದು ಧಾರವಾಡದ್ದು. 1856ರಲ್ಲಿ ಯಾವ ಊರಿನ ಶಾಲೆ ನಮ್ಮ ಹುಡುಗನಿಗೆ ಬಾಗಿಲು ಮುಚ್ಚಿತ್ತೋ ಅದೇ ಊರಿನಲ್ಲಿ ನಮ್ಮ ಮಕ್ಕಳು ಉಂಡು, ಮಲಗಿ, ಓದುವ ಮನೆ ಎದ್ದಿತು. ಅದನ್ನ ನೋಡಿಕೊಂಡವರು ಬಲವಂತರಾವ್ ವರಾಳೆಯವರು. ರಮಾಬಾಯಿ ತಾಯಿ ಅಲ್ಲಿಗೆ ಬಂದಿದ್ದಾಗ ಮಕ್ಕಳ ಊಟಕ್ಕೆ ದಿನಸಿ ಇಲ್ಲ ಅಂತ ತಿಳಿದು ತಮ್ಮ ಬಂಗಾರದ ಬಳೆ ತೆಗೆದುಕೊಟ್ಟ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಾನು ಅದನ್ನ ಅರ್ಥಶಾಸ್ತ್ರದ ಕಥೆ ಅಂತಲೂ ಓದ್ತೇನಿ. ಸರ್ಕಾರ ಹೂಡದ ಬಂಡವಾಳವನ್ನ ಒಬ್ಬ ತಾಯಿ ತನ್ನ ಕೈಯಿಂದ ಬಿಚ್ಚಿ ಹೂಡಿದಳು.

1942ರ ಅಕ್ಟೋಬರಿನಲ್ಲಿ ಬಾಬಾಸಾಹೇಬರು ವೈಸರಾಯ್ ಲಿನ್‌ಲಿತ್‌ಗೋ ಅವರಿಗೆ ಪರಿಶಿಷ್ಟರ ಅಹವಾಲು ಬರೆದುಕೊಟ್ಟರು. ಅದರಲ್ಲಿ ವಿಜ್ಞಾನ, ತಂತ್ರಜ್ಞಾನ ಓದೋಕೆ ವಿದ್ಯಾರ್ಥಿವೇತನ ಕೇಳಿದರು. ಅದರ ಜೊತೆಗೆ ಇನ್ನೊಂದು ಮಾತು ಐತಿ, ಗದಗಿನವರು ಎದ್ದು ಕೂತು ಕೇಳಬೇಕು: ಸರ್ಕಾರಿ ಮುದ್ರಣಾಲಯಗಳಲ್ಲಿ ಮತ್ತು ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರನ್ನ ಅಪ್ರೆಂಟಿಸ್ ಆಗಿ ತಗೊಳ್ಳಬೇಕು. ಪ್ರೆಸ್ಸು ಮತ್ತು 
ರೈಲು! ನಮ್ಮ ಭಾಗ ಯಾವ ಎರಡು ಬಾಗಿಲ ಮುಂದೆ ನಮ್ಮನ್ನ ನಿಲ್ಲಿಸಿತ್ತೋ ಅವೇ ಎರಡು ಬಾಗಿಲು. 1944ರಲ್ಲಿ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಮ್ಮಲ್ಲಿ ಒಬ್ಬ ಶಿಕ್ಷಕ, ಒಬ್ಬ ನರ್ಸ್, ಒಬ್ಬ ಎಂಜಿನಿಯರ್ ಇದ್ದರೆ ಅವರ ಹಿಂದೆ ಈ ವೇತನ, ಈ ಹಾಸ್ಟೆಲ್ ಐತಿ. ಮುಂದೆ ದಲಿತ ಸಂಘರ್ಷ ಸಮಿತಿ ಊರೂರಿನಲ್ಲಿ ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಕೂಗಿದಾಗ ಅದು ಧಾರವಾಡದ ಹುಡುಗನ ಅರ್ಜಿಯ ಮುಂದುವರಿಕೆನೇ ಆಗಿತ್ತು.

ಬಾಗಿಲು ತೆರೆದರೆ ಲಾಭ ನಮಗೊಬ್ಬರಿಗೇನಾ? ಅಮೆರಿಕದಿಂದ ಒಂದು ಪುರಾವೆ ಕೊಡ್ತೇನಿ. ಷೇ, ಹರ್ಸ್ಟ್, ಜೋನ್ಸ್, ಕ್ಲೆನೋ ಅನ್ನೋ ನಾಲ್ಕು ಅರ್ಥಶಾಸ್ತ್ರಜ್ಞರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1960ರಲ್ಲಿ ಅಲ್ಲಿನ ವೈದ್ಯರು, ವಕೀಲರಲ್ಲಿ ನೂರಕ್ಕೆ 94 ಜನ ಬಿಳಿಯ ಗಂಡಸರು. 2010ರ ಹೊತ್ತಿಗೆ ಅದು 62ಕ್ಕೆ ಇಳಿಯಿತು. ಕರಿಯರಿಗೆ, ಹೆಂಗಸರಿಗೆ ಬಾಗಿಲು ತೆರೆದುಕೊಂಡಿದ್ದರಿಂದ ಆದ ಬದಲಾವಣೆ ಅದು. ಆ ಐವತ್ತು ವರ್ಷದಲ್ಲಿ ಅಮೆರಿಕದ ತಲಾ ಉತ್ಪಾದನೆ ಬೆಳೆದದ್ದರಲ್ಲಿ ನೂರಕ್ಕೆ 20ರಿಂದ 40ರಷ್ಟು ಪಾಲು ಪ್ರತಿಭೆಗೆ ತಕ್ಕ ಕೆಲಸ ಸಿಕ್ಕಿದ್ದರಿಂದ ಬಂತು ಅಂತ ಅವರ ಲೆಕ್ಕ. ಮುಂಬೈ ಸರ್ಕಾರ 1856ರಲ್ಲಿ ಬಿಟ್ಟ ಕಾಲಂ ಇದೇ. ಅಮೆರಿಕದವರು ತಮ್ಮದನ್ನ ತುಂಬಿ ನೋಡಿದರು. ನಮ್ಮವರು ಇನ್ನೂ ತೆರೆದೇ ನೋಡಿಲ್ಲ.

*ಇವತ್ತಿನ ಗದಗ*

2011ರ ಜನಗಣತಿ ಪ್ರಕಾರ ಗದಗ ಜಿಲ್ಲೆಯ ಜನಸಂಖ್ಯೆ 10,64,570. ಸಾಕ್ಷರತೆ ನೂರಕ್ಕೆ 75ರ ಸುಮಾರು. ರಾಜ್ಯದ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಆದರ ಆದಾಯದಲ್ಲಿ ನಾವು ರಾಜ್ಯದ ಸರಾಸರಿಗಿಂತ ಕೆಳಗೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಅಂದರೆ ಅಕ್ಷರ ಒಂದೇ ಸಾಲದು. ಕಲಿತದ್ದಕ್ಕೆ ತಕ್ಕ ಕೆಲಸ ಹತ್ತಿರದಲ್ಲಿ ಇರಬೇಕು. ಸರಾಸರಿಯ ಒಳಗೂ ಇಣುಕಬೇಕು. ಅದೇ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಜಾತಿಯವರ ಸಾಕ್ಷರತೆ 65. ಗದಗ ಜಿಲ್ಲೆಯ ಹೆಣ್ಣುಮಕ್ಕಳದ್ದೂ 65. ಹಂಗಾದರೆ ದಲಿತ ಹೆಣ್ಣುಮಗಳು ಎಲ್ಲಿ ನಿಂತಾಳು, ನೀವೇ ಯೋಚಿಸ್ರಿ.

ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲೂಕು ಹಿಂದುಳಿದಿವೆ ಅಂತ ವರದಿ ಕೊಟ್ಟಿತು. ಉತ್ತರ ಕರ್ನಾಟಕದ ಹೋರಾಟಕ್ಕೆ ಅದು ಇಂದಿಗೂ ಆಧಾರ. ನಾನೂ ಅದನ್ನ ಹಿಡಿದು ಮಾತಾಡಿದೋನೇ. ಆದರ ತಾಲೂಕನ್ನ ಅಳತೆಗೆ ಹಿಡಿದಾಗ ತಾಲೂಕಿನೊಳಗಿನ ಕೇರಿ ಕಾಣೋದಿಲ್ಲ. ಉತ್ತರಕ್ಕೆ ದಕ್ಷಿಣ ಅನ್ಯಾಯ ಮಾಡಿತು ಅಂತ ಗಟ್ಟಿ ದನಿಯಲ್ಲಿ ಹೇಳೋ ನಾಯಕರು ಊರು ಕೇರಿಗೆ ಮಾಡಿದ್ದನ್ನ ಹೇಳುವಾಗ ದನಿ ಇಳಸ್ತಾರ.

ನಮ್ಮ ಹೆಣ್ಣುಮಕ್ಕಳ ಕೌಶಲಕ್ಕೆ ಒಂದು ಉದಾಹರಣೆ ಕೊಡ್ತೇನಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕತರಕಿಯವರು ವರಲಕ್ಷ್ಮಿ ಹೈಬ್ರಿಡ್ ಹತ್ತಿ ತಂದರು. ಹೈಬ್ರಿಡ್ ಬೀಜ ಆಗಬೇಕಂದರೆ ಕ್ರಾಸಿಂಗ್ ಮಾಡಬೇಕು. ಸಂಜೆ ಹೊತ್ತಿಗೆ ನಾಳೆ ಅರಳೋ ಮೊಗ್ಗು ಗುರುತಿಸಿ, ಅದರ ಗಂಡು ಭಾಗವನ್ನ ಬೆರಳಿನಿಂದ ಬಿಡಿಸಿ ತೆಗೀಬೇಕು, ಒಳಗಿನ ಹೆಣ್ಣು ಭಾಗಕ್ಕೆ ಉಗುರು ತಾಗಬಾರದು. ಮರುದಿನ ಮುಂಜಾನೆ ಇನ್ನೊಂದು ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ದಿನಕ್ಕ ನೂರಾರು ಹೂವು. ನಮ್ಮ ಸುತ್ತಲಿನ ಜಿಲ್ಲೆಗಳ ಬೀಜದ ಹೊಲಗಳಲ್ಲಿ ಈ ಕೆಲಸ ಮಾಡಿದವರು ಕೂಲಿ ಹೆಣ್ಣುಮಕ್ಕಳು. ಬೆರಳು ಸಣ್ಣ ಅಂತ ಶಾಲೆ ಬಿಡಿಸಿ ಹುಡುಗಿಯರನ್ನ ಕರಕೊಂಡು ಹೋದರು. ಲ್ಯಾಬಿನಲ್ಲಿ ಮಾಡಿದರೆ ಸಸ್ಯ ತಳಿ ತಂತ್ರಜ್ಞ, ಹೊಲದಲ್ಲಿ ಮಾಡಿದರೆ ಆಳು. ಬೀಜದ ಕಂಪನಿ ಬೆಳೀತು. ಹುಡುಗಿಯ ಓದು ಅಲ್ಲಿಗೇ ನಿಂತಿತು. ಮುತ್ಯಾನ ಮಿಣಿಯ ಕಥೆನೇ ಮೊಮ್ಮಗಳಿಗೂ ಬಂತು.

ಈಗ ಕಪ್ಪತಗುಡ್ಡದ ಸಾಲಿನ ಕಡೆ ತಲೆ ಎತ್ತಿ ನೋಡ್ರಿ, ಗಾಳಿಯಂತ್ರ ತಿರಗತಾವ. ನಾನು ಕಂಡಂಗ ಕಂಬದ ಬುಡದಲ್ಲಿ ಕಾವಲಿಗೆ ನಮ್ಮ ಹುಡುಗ, ಕಂಬ ಹತ್ತಿ ರಿಪೇರಿ ಮಾಡೋಕೆ ಹೊರಗಿನಿಂದ ಬಂದವ. ನಮ್ಮ ಕೇರಿಗೆ ಬರೋ ತರಬೇತಿ ಯಾವುದು? ಹೊಲಿಗೆ, ಫಿನಾಯಿಲ್ ಮಾಡೋದು, ಡ್ರೈವಿಂಗ್. ಯಾವ ಕೆಲಸವೂ ಕೀಳಲ್ಲ. ಆದರ ಜಿಲ್ಲೆಯಲ್ಲಿ ಬೆಳೀತಿರೋ ಉದ್ಯಮ ಒಂದು, ನಮಗೆ ಕಲಿಸೋದು ಇನ್ನೊಂದು ಅಂದರೆ ಇದಕ್ಕೇನಂತೀರಿ?

*ಏನು ಕೇಳಬೇಕು*

ಬರೀ ಸಿಟ್ಟು ಮಾಡಿ ಪೋಸ್ಟ್ ಮುಗಿಸೋದಿಲ್ಲ.

ಒಂದು, ದುಡ್ಡಿನ ಲೆಕ್ಕ. 2013ರ ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ ನಮ್ಮ ಹೋರಾಟದ ಫಲ. ನಮ್ಮ ದುಡ್ಡನ್ನ ರಸ್ತೆ, ಸೇತುವೆಗೆ ತಿರುಗಿಸೋಕೆ ದಾರಿ ಮಾಡಿದ್ದ 7(ಡಿ) ಕಲಮನ್ನ 2023ರಲ್ಲಿ ತೆಗೆಸಿದೆವು. 2024-25ರಲ್ಲಿ ಈ ಯೋಜನೆಗೆ ಇಟ್ಟದ್ದು 39,121 ಕೋಟಿ ರೂಪಾಯಿ. ಅದರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ. ಗ್ಯಾರಂಟಿ ನಮ್ಮ ಮನೆಗೂ ಬರತೈತಿ, ಅದಕ್ಕೆ ಸಂತೋಷ. ಆದರ ಅದು ಎಲ್ಲರಿಗೂ ಇರೋ ಯೋಜನೆ, ಅದರ ಖರ್ಚು ಎಲ್ಲರ ಖಜಾನೆಯಿಂದ ಬರಲಿ. ಹಾಸ್ಟೆಲ್ಲಿಗೆ, ವರ್ಕ್‌ಶಾಪಿಗೆ, ಲ್ಯಾಬಿಗೆ ಇಟ್ಟ ದುಡ್ಡು ಅಲ್ಲಿಗೇ ಹೋಗಲಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನಿಮ್ಮ ತಾಲೂಕಿನ ಲೆಕ್ಕ ಕೇಳ್ರಿ.

ಎರಡು, ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಎಸ್‌ಸಿ, ಎಸ್‌ಟಿ ಯುವಕರಿಗೆ ಜಾಗ ಮೀಸಲಿಡಬೇಕು ಅಂತ ಐತಿ. ನಮ್ಮ ಜಿಲ್ಲೆಯ ಗಾಳಿ ವಿದ್ಯುತ್ತು, ಗಿರಣಿ, ಪ್ರೆಸ್ಸುಗಳಲ್ಲಿ ಅದು ಎಷ್ಟು ಜಾರಿ ಆಗೈತಿ ಅಂತ ಕೇಳೋಣ. ಬಾಬಾಸಾಹೇಬರು 1942ರಲ್ಲಿ ಕೇಳಿದ್ದನ್ನೇ ನಾವು ಮತ್ತೆ ಕೇಳ್ತಿದ್ದೇವೆ ಅನ್ನೋದು ನಾಚಿಕೆಯ ಮಾತು, ಆ ನಾಚಿಕೆ ನಮ್ಮದಲ್ಲ.

ಮೂರು, ಗೊತ್ತಿರೋ ಕೆಲಸಕ್ಕೆ ಮಾನ್ಯತೆ. ಕ್ರಾಸಿಂಗ್ ಮಾಡೋ ಅಕ್ಕ, ಗಾರೆ ಕೆಲಸದ ಅಣ್ಣ, ಚರ್ಮದ ಕೆಲಸದ ಕಾಕಾ, ಇವರ ಕೈಯಲ್ಲಿರೋ ವಿದ್ಯೆಗೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡ್ರಿ, ಅದಕ್ಕೆ ತಕ್ಕ ಕೂಲಿ ಕೊಡ್ರಿ. ಗದಗಿನಲ್ಲೇ 2016ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಐತಿ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಜಾಗ ಯಾವುದು?

ನಾಲ್ಕು, ಗುಳೆ ಹೋಗೋ ಮನೆಗಳ ಮಕ್ಕಳಿಗೆ ಹಾಸ್ಟೆಲ್. ಅಪ್ಪ ಅವ್ವ ಗೋವಾಕ್ಕೋ ಮಂಗಳೂರಿಗೋ ಹೋದಾಗ ಮೊದಲು ಶಾಲೆ ಬಿಡೋದು ಹುಡುಗಿ. ತಮ್ಮನನ್ನ ಎತ್ತಿಕೊಂಡು ಅವಳೂ ಬಸ್ ಹತ್ತತಾಳ. ಅವಳನ್ನ ಇಲ್ಲೇ ಉಳಿಸಿಕೊಂಡರೆ ಮುಂದಿನ ಇಪ್ಪತ್ತು ವರ್ಷದ ಗದಗ ಬೇರೆ ಇರತೈತಿ.

ಕೊನೆಗೆ ಬೈಕಿನ ಹಿಂದೆ ಕೂತಿದ್ದ ತಮ್ಮನಿಗೆ ಹೇಳೋದು. ಏನೂ ಬರೂದಿಲ್ಲ ಅಂತ ಯಾರಾದರೂ ಅಂದರೆ ಚಪ್ಪಾಳೆ ಹೊಡೀಬ್ಯಾಡ. ಎದ್ದು ನಿಂತು ಕೇಳು: ಸಾಹೇಬ್ರ, ನಮ್ಮ ಮುತ್ಯಾಗ ತೊಗಲು ಹದ ಮಾಡೋಕ ಬರ್ತಿತ್ತು, ನಮ್ಮ ಅಕ್ಕಗ ಬೀಜ ಕೂಡಿಸೋಕ ಬರತೈತಿ, ನನಗ ಕಲಿಯೋಕ ಬರತೈತಿ. ನಿಮಗ ಬಾಗಿಲು ತೆಗಿಯೋಕ ಬರತೈತೇನು?

1856ರಲ್ಲಿ ಆ ಹುಡುಗ ಕೇಳಿದ್ದೂ ಇಷ್ಟನ್ನೇ. ಫೀಜು ಕೊಡ್ತೇನಿ, ಒಳಗ ಬಿಡ್ರಿ ಅಂದಿದ್ದ.

ಜೈಭೀಮ್. ಜೈ ಸಂವಿಧಾನ.